ಉಂಡ ಅನ್ನದ ಋಣ

ಆಟೋ ನಗರದಲ್ಲಿ ಲಾರಿಗಳ ಮೇಲೆ ಹೆಸರು, ಚಿತ್ರ ಬರೆಯುವುದು ನನ್ನ ಕಸುಬು. ಖಾನಾಪುರ, ಬೈಲಹೊಂಗಲ ಕಡೆಯ ಗಾಡಿಯಾದರೆ ಸಂಗೊಳ್ಳಿ ರಾಯಣ್ಣನ ಚಿತ್ರ ಬೇಕೇ ಬೇಕು. ಈಚೆಗೆ ಕೆಲವು ಹುಡುಗರು, "ಕಾಕಾ, ಹಿಂದ ಒಂದು ಸಮುರಾಯಿ ಚಿತ್ರ ತೆಗೀರಿ" ಅನ್ನುತ್ತಾರೆ. ಒಡೆಯನಿಗಾಗಿ ಸಾಯಲು ಸದಾ ಸಿದ್ಧನಾದವನು ಸಮುರಾಯಿ ಎಂಬುದು ಅವರ ನಂಬಿಕೆ. ಆದರೆ ಯೋಧನ ನಿಷ್ಠೆ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಜಪಾನಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ನಮ್ಮ ಹಳೆಯ ವೀರಗಲ್ಲುಗಳನ್ನೇ ನೋಡಿ. ಊರಿನ ದನ ಹೊಡೆದುಕೊಂಡು ಹೊರಟವರಿಗೆ ಅಡ್ಡ ನಿಂತು ಸತ್ತವರ ಕಲ್ಲುಗಳು ಎಷ್ಟೋ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಅವನು ಸತ್ತದ್ದು ಊರಿಗಾಗಿ. ಅದಕ್ಕೆ ಪ್ರತಿಯಾಗಿ ಅವನ ಮನೆಯವರಿಗೆ ನೆತ್ತರುಕೊಡಗೆಯ ಹೊಲ ಸಿಗುತ್ತಿತ್ತು.

ದೊರೆಯ ಪಡೆ ಸೇರಿದವನ ಲೆಕ್ಕ ಬೇರೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿದ, ಚೋಳ ರಾಜಾದಿತ್ಯ ಸತ್ತ. ಬೂತುಗನ ಭಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದ್ದು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎದುರುಬದುರಾಗಿ ಕಾದಾಡುವ ಚಿತ್ರ, ಅದರ ಸುತ್ತ ಅಕ್ಷರ. ಜಾಗ ಹೊಂದಿಸುವ ಕಷ್ಟ ಬಲ್ಲವನಾಗಿ ಹೇಳುತ್ತೇನೆ, ಆ ಶಿಲ್ಪಿಯ ಕೈ ದೊಡ್ಡದು. ಅದೇ ಶಾಸನದಲ್ಲಿ ಮಣಲೇರನಿಗೆ ಬಾಳ್ಗಚ್ಚಾಗಿ, ಅಂದರೆ ಶೌರ್ಯದ ಕೊಡುಗೆಯಾಗಿ, ಭೂಮಿ ಸಿಕ್ಕ ಮಾತೂ ಇದೆ. ಶೌರ್ಯಕ್ಕೆ ಬೆಲೆ ಕೇಳುವುದು, ಕೊಡುವುದು ಆಗ ಯಾರಿಗೂ ನಾಚಿಕೆಯ ಮಾತಾಗಿರಲಿಲ್ಲ.

ಜಪಾನಿನಲ್ಲೂ ಹಾಗೆಯೇ ಇತ್ತು. 1274ರಲ್ಲಿ ಮಂಗೋಲರ ವಿರುದ್ಧ ಕಾದಿದ ತಕೆಜಾಕಿ ಸುಯೆನಾಗ, ಬಹುಮಾನ ಬರಲಿಲ್ಲವೆಂದು ಕುದುರೆ ಮಾರಿ ಕಾಮಾಕುರಾವರೆಗೆ ಹೋಗಿ ವಾದಿಸಿ ಭೂಮಿಯ ಅಧಿಕಾರ ಪಡೆದ. ಹದಿನೈದು, ಹದಿನಾರನೆಯ ಶತಮಾನದ ಅಂತರ್ಯುದ್ಧಗಳಲ್ಲಿ ಒಡೆಯನನ್ನು ಬಿಟ್ಟು ಇನ್ನೊಬ್ಬನನ್ನು ಸೇರಿದವರು ಬೇಕಾದಷ್ಟು ಮಂದಿ.

ಒಡೆಯನ ಜೊತೆಗೇ ಸಾಯುವ ಪಣ ನಮ್ಮಲ್ಲಿ ಹೊಯ್ಸಳರ ಗರುಡರೆಂಬ ಆಪ್ತಭಟರಲ್ಲಿ ತುದಿ ಮುಟ್ಟಿತು. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಹೆಂಡತಿಯೊಂದಿಗೆ ಪ್ರಾಣ ಬಿಟ್ಟ. ಹಳೇಬೀಡಿನ ಗರುಡಗಂಬದಲ್ಲಿ ತಮ್ಮ ಕೈಯಾರೆ ತಲೆ ಕತ್ತರಿಸಿಕೊಳ್ಳುವ ವೀರರ ಸಾಲಿದೆ. ಜಪಾನಿನಲ್ಲಿ ಇಂಥ ಸಾವನ್ನು 1663ರಲ್ಲಿ ಸರ್ಕಾರವೇ ನಿಷೇಧಿಸಿತು. 1700ರಲ್ಲಿ ಒಡೆಯ ಸತ್ತಾಗ ಸಾಯಲಾಗದೆ ಸನ್ಯಾಸಿಯಾದ ಯಾಮಾಮೊಟೊ ಸುನೆಟೊಮೊ ಹೇಳಿ ಬರೆಸಿದ ‘ಹಗಕುರೆ’ಯೇ ಸಾವನ್ನು ಎಲ್ಲಕ್ಕಿಂತ ಎತ್ತರಕ್ಕೇರಿಸಿತು. ಯುದ್ಧವೇ ಇಲ್ಲದ ಕಾಲದ ಪುಸ್ತಕ ಅದು. ಇಂದಿನ ಹುಡುಗರು ಮೆಚ್ಚುವ ಸಮುರಾಯಿ ಬಹುಮಟ್ಟಿಗೆ ಆ ಶಾಂತಿಕಾಲದಲ್ಲಿ ರೂಪುಗೊಂಡವನು.

ಹೀಗೆ ನೋಡಿದಾಗ ರಾಯಣ್ಣನ ದೊಡ್ಡತನ ಇನ್ನೂ ಸ್ಪಷ್ಟವಾಗುತ್ತದೆ. ಅವನು ಕಿತ್ತೂರಿನ ಶೇತಸನದಿ, ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಉಂಡವನು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬ್ರಿಟಿಷರ ಕೈಗೆ ಬಿತ್ತು. 1829ರ ಫೆಬ್ರವರಿಯಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಉಂಬಳಿ ಕೊಡುವ ಕೈ ಇನ್ನಿರಲಿಲ್ಲ. ಹಳೆಯ ಲೆಕ್ಕದಲ್ಲಿ ಋಣ ಅಲ್ಲಿಗೆ ಹರಿಯಬೇಕಿತ್ತು. ರಾಯಣ್ಣ ಆಮೇಲೂ ಹಳ್ಳಿಯ ಜನರನ್ನು ಕಟ್ಟಿಕೊಂಡು ಖಾನಾಪುರ ಸೀಮೆಯ ಸರ್ಕಾರಿ ಕಚೇರಿಗಳ ಮೇಲೆ ಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ದನ ಕಾಯಲು ನಿಂತ ವೀರನ ಮನೆಗೆ ಹೊಲ ಸಿಕ್ಕಿತು, ಮಣಲೇರನಿಗೆ ಬಾಳ್ಗಚ್ಚು ಸಿಕ್ಕಿತು, ಗರುಡರಿಗೆ ಒಡೆಯನ ಅನ್ನವಿತ್ತು. ರಾಯಣ್ಣನಿಗೆ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೂಲಿಯ ಲೆಕ್ಕ ಮುಗಿದ ಮೇಲೂ ನಾಡಿನ ಜನಕ್ಕಾಗಿ ನಿಂತದ್ದಕ್ಕೇ ನಾವು ಅವನನ್ನು ನಮ್ಮವನೆನ್ನುತ್ತೇವೆ. ನಿಷ್ಠೆಯ ಈ ಹೊಸ ಅರ್ಥವನ್ನು ನಮ್ಮ ಸೀಮೆಗೆ ಕೊಟ್ಟವನು ಅವನು.