ಅಡ್ರಿನಲಿನ್: ಒಂದು ಸೊನ್ನೆಯ ಅಂತರ

ಹಲ್ಲು ಕೀಳಿಸಿಕೊಳ್ಳಲು ಹೋದಾಗ, ವಸಡಿಗೆ ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ನಿಮ್ಮ ಎದೆ ಢವಢವ ಹೊಡೆದುಕೊಂಡದ್ದುಂಟೇ? ಭಯವೊಂದೇ ಅದಕ್ಕೆ ಕಾರಣವಾಗಿರಲಾರದು. ಮರಗಟ್ಟಿಸುವ ಮದ್ದಿನೊಡನೆ ಅನೇಕ ವೇಳೆ ಅಡ್ರಿನಲಿನ್ ಕೂಡ ಬೆರೆತಿರುತ್ತದೆ. ಎಪಿನೆಫ್ರಿನ್ ಎಂಬುದು ಇದರದೇ ಇನ್ನೊಂದು ಹೆಸರು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಗಳ ಸಾರವು ರಕ್ತದೊತ್ತಡವನ್ನು ಏರಿಸುತ್ತದೆಂದು ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ 1894ರಲ್ಲಿ ತೋರಿಸಿದರು. ಅಮೆರಿಕದಲ್ಲಿದ್ದ ಜಪಾನೀ ರಸಾಯನತಜ್ಞ ಜೋಕಿಚಿ ತಕಮಿನೆ ಅದರ ಹರಳುಗಳನ್ನು ಬೇರ್ಪಡಿಸಿ, 1901ರಲ್ಲಿ ಆ ವಿಷಯವನ್ನು ಪ್ರಕಟಿಸಿದರು. ಜರ್ಮನಿಯ ಹೈನ್ರಿಚ್ ಬ್ರೌನ್ ಅದನ್ನು ಕೊಕೇನಿನೊಡನೆ ಬೆರೆಸಿ ಚುಚ್ಚಿದರು. ರಕ್ತನಾಳಗಳು ಕುಗ್ಗಿದವು, ರಕ್ತ ಸೋರುವುದು ಕಡಿಮೆಯಾಯಿತು, ಮದ್ದು ಚುಚ್ಚಿದ ಕಡೆಯೇ ಹೆಚ್ಚು ಹೊತ್ತು ನಿಂತಿತು. ಶಸ್ತ್ರವೈದ್ಯರಿಗೆ ಇನ್ನೇನು ಬೇಕು?

ಆದರೆ ಆಗ ಇನ್ನೊಂದು ಒಗಟು ಬಿಡಿಸದೆ ಉಳಿದಿತ್ತು. ಕ್ಲೋರೋಫಾರಂ ಮೂಸಿದ ಕೆಲವರು 1848ರಿಂದಲೂ ಥಟ್ಟನೆ ಸಾಯುತ್ತಿದ್ದರು. ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡಿದ್ದ ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ, ನಿಜಾಮರ ಬೆಂಬಲದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಇದನ್ನು ಪರೀಕ್ಷಿಸಿದವು. ಉಸಿರನ್ನು ಕಾಯ್ದುಕೊಂಡರೆ ಸಾಕು, ಹೃದಯದ ಚಿಂತೆ ಬೇಡ ಎಂಬುದು ಅವುಗಳ ತೀರ್ಮಾನ.

ಆ ತೀರ್ಮಾನ ನಿಲ್ಲಲಿಲ್ಲ. 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ, ಹಗುರವಾಗಿ ಕ್ಲೋರೋಫಾರಂ ಕೊಟ್ಟಿದ್ದ ಬೆಕ್ಕುಗಳ ರಕ್ತನಾಳಕ್ಕೆ ಅಡ್ರಿನಲಿನ್ ಚುಚ್ಚಿ ನೋಡಿದರು. ಹೃದಯದ ಕೆಳಕೋಣೆಗಳು ತಾಳ ತಪ್ಪಿ ಬರಿದೇ ಅದುರತೊಡಗಿದವು. ರಕ್ತ ಮುಂದೆ ಹರಿಯಲಿಲ್ಲ. ಹಾಗಾದರೆ ಸೂಜಿಯನ್ನೇ ಚುಚ್ಚದ ರೋಗಿಗಳು ಸತ್ತದ್ದೇಕೆ? ಯೋಚಿಸಿ ನೋಡಿ: ಅರೆಮಂಪರಿನಲ್ಲಿ ಹೆದರಿದ ರೋಗಿಯ ದೇಹವೇ ಅಡ್ರಿನಲಿನ್ ಸುರಿಸುತ್ತದೆ! ಕ್ಲೋರೋಫಾರಂ ಕಡಿಮೆ ಕೊಟ್ಟಷ್ಟೂ ಕ್ಷೇಮ ಎಂಬ ನಂಬಿಕೆಯೇ ಇದರಿಂದ ಅಲುಗಾಡಿತು. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಎಂಬ ಅರಿವಳಿಕೆಯೂ ಅಡ್ರಿನಲಿನ್‌ಗೆ ಹೃದಯ ಬೇಗ ಕೆರಳುವಂತೆ ಮಾಡುತ್ತಿತ್ತು.

ಈಗ ಒಂದು ಲೆಕ್ಕ ಮಾಡಿ. 1,000ಕ್ಕೆ 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ. 1,00,000ಕ್ಕೆ 1ರದರಲ್ಲಿ 10 ಮೈಕ್ರೋಗ್ರಾಂ ಮಾತ್ರ. ಎರಡು ಸೊನ್ನೆ ತಪ್ಪಿದರೆ ಮದ್ದು ನೂರು ಪಟ್ಟು! ಒಂದೇ ಸೊನ್ನೆ ತಪ್ಪಿದರೂ ಹತ್ತು ಪಟ್ಟು. ಚುಚ್ಚುವಾಗ ಸೂಜಿ ರಕ್ತನಾಳದೊಳಗೆ ಹೋದರೂ ಅಪಾಯವೇ. ರಕ್ತದೊತ್ತಡ ನೆಗೆಯಬಹುದು, ಬಡಿತ ತಪ್ಪಬಹುದು. ಮೊದಲೇ ಬಳಲಿದ ಹೃದಯ ಅದನ್ನು ತಾಳದೆ ಹೋಗಬಹುದು.

ಹಾಗೆಂದು ಅಡ್ರಿನಲಿನನ್ನು ದೂರಬೇಡಿ. ನಿಂತ ಹೃದಯವನ್ನು ಮತ್ತೆ ನಡೆಸಲು ವೈದ್ಯರು ಕೈಗೆತ್ತಿಕೊಳ್ಳುವ ಮದ್ದೂ ಇದೇ. ಮನೆಯಲ್ಲಿ ಹೃದಯದ ತೊಂದರೆ ಇರುವ ಹಿರಿಯರಿದ್ದರೆ, ಸೂಜಿಗೆ ಮೊದಲೇ ಅದನ್ನು ವೈದ್ಯರಿಗೆ ತಿಳಿಸಿ. ನಾಳೆ ನೀವೇ ವೈದ್ಯರೋ ದಾದಿಯರೋ ಆದಾಗ, ಸೊನ್ನೆಗಳನ್ನು ಎರಡು ಬಾರಿ ಎಣಿಸಿ.