ಓವರ್‌ಡ್ರೈವಿಗೆ ಬಂದ ಚಳಿಜ್ವರ

ಸದಾ ಇರುವ ಕಾಯಿಲೆಗಿಂತ ಬಂದು ಬಂದು ಹೋಗುವ ಕಾಯಿಲೆಯೇ ವೈದ್ಯನನ್ನು ಹೆಚ್ಚು ಕಾಡುತ್ತದೆ. ಆತ ನಾಡಿ ಹಿಡಿಯುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಹೊಸ್ತಿಲು ದಾಟಿದೊಡನೆ ಮತ್ತೆ ಏರುತ್ತದೆ. ಯಂತ್ರಗಳಿಗೂ ಇಂಥ ಚಳಿಜ್ವರವುಂಟು. ಇಂಗ್ಲೆಂಡಿನ ಹಳೆಯ ಕಾರುಗಳ ಓವರ್‌ಡ್ರೈವಿನ ಚರಿತ್ರೆಯೇ ಇದಕ್ಕೆ ನಿದರ್ಶನ.

ಓವರ್‌ಡ್ರೈವ್ ಎಂಬುದು ಗೇರ್ ಪೆಟ್ಟಿಗೆಯ ಹಿಂದೆ ಕೂಡಿಸಿದ ಒಂದು ಉಪಯಂತ್ರ. ಇದರ ನೆರವಿದ್ದರೆ ಕಾರಿನ ವೇಗ ಕುಂದದೆಯೇ ಎಂಜಿನ್ನು ಸುಮಾರು ಐದರಲ್ಲೊಂದು ಪಾಲು ನಿಧಾನವಾಗಿ ಸುತ್ತಬಲ್ಲದು. ಗದ್ದಲ ತಗ್ಗುತ್ತದೆ, ಪೆಟ್ರೋಲೂ ಉಳಿಯುತ್ತದೆ. ಇದನ್ನು ರೂಪಿಸಿದ ಎಡ್ಗರ್ ಡಿ ನಾರ್ಮನ್‌ವಿಲ್ ಎಂಜಿನಿಯರೂ ಹೌದು, ಮೋಟಾರು ವಿಷಯಗಳ ಪತ್ರಕರ್ತರೂ ಹೌದು. ತಯಾರಿಸಿದ್ದು ಷೆಫೀಲ್ಡಿನ ಲೇಕಾಕ್ ಕಂಪನಿ. ಇದನ್ನು ಮೊದಮೊದಲು ಪಡೆದ ಕಾರುಗಳಲ್ಲಿ 1948ರಲ್ಲಿ ಹೊರಬಂದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಪ್ರಮುಖವಾದುದು. ಅನಂತರ ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್, ಎಂ.ಜಿ.ಬಿ. ಕಾರುಗಳಿಗೂ ಸ್ವೀಡನ್ನಿನ ವೋಲ್ವೋ ಕಾರುಗಳಿಗೂ ಇದು ಸೇರಿತು. 1959ರಲ್ಲಿ ಎಂ-1 ಹೆದ್ದಾರಿ ತೆರೆದ ಮೇಲೆ, ಎಡೆಬಿಡದೆ ಮೈಲುಗಟ್ಟಲೆ ಓಡುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯಿತು.

ಚಾಲಕನ ಮನಸ್ಸನ್ನು ಗೆದ್ದದ್ದು ಇದರ ಸುಲಭತೆ. ಕ್ಲಚ್ಚು ತುಳಿಯಬೇಕಾಗಿಲ್ಲ, ಬೆರಳಿನಿಂದ ಸ್ವಿಚ್ಚು ಒತ್ತಿದರೆ ಸಾಕು. ಆದರೆ ಆ ಸುಲಭತೆಗಾಗಿ ಉಕ್ಕಿನ ಹಲ್ಲುಚಕ್ರಗಳನ್ನು ತಾಮ್ರದ ತಂತಿಯೊಂದಕ್ಕೆ ಅಧೀನ ಮಾಡಬೇಕಾಯಿತು. ಸ್ವಿಚ್ಚಿನಿಂದ ಹೊರಟ ವಿದ್ಯುತ್ತು ರಿಲೇಯನ್ನು ಎಚ್ಚರಿಸಬೇಕು. ಎತ್ತರದ ಗೇರುಗಳಲ್ಲಿ ಮಾತ್ರ ದಾರಿ ಬಿಡುವ ತಡೆಸ್ವಿಚ್ಚು ಒಪ್ಪಬೇಕು. ಕೊನೆಗೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವು ಎಣ್ಣೆಯ ಕವಾಟವನ್ನು ತೆರೆಯಬೇಕು. ಹಳೆಯ ಮಾದರಿಯ ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳಿದ್ದವು. ಎಳೆಯುವ ದಪ್ಪ ಸುರುಳಿ ಕ್ಷಣಮಾತ್ರ ಹದಿನೈದಿಪ್ಪತ್ತು ಆಂಪಿಯರು ನುಂಗುತ್ತಿತ್ತು. ಬಳಿಕ ಹಿಡಿದಿಡುವ ತೆಳು ಸುರುಳಿಗೆ ಒಂದೆರಡು ಆಂಪಿಯರು ಸಾಕಾಗುತ್ತಿತ್ತು. ಒಳಗಿನ ಕಡ್ಡಿ ಪೂರ್ತಿ ಸರಿಯದಿದ್ದರೆ ದಪ್ಪ ಸುರುಳಿ ಆರದೆ ಉಳಿದು ಸುಟ್ಟುಹೋಗುತ್ತಿತ್ತು.

ಇವೆಲ್ಲವೂ ಕಾರಿನ ಹೊಟ್ಟೆಯಡಿಯಲ್ಲಿ, ಧೂಳು, ಎಣ್ಣೆ, ಕಾವು, ಅದುರುಗಳ ನಡುವೆ ಬಾಳಬೇಕು. ತಣ್ಣಗಿದ್ದಾಗ ಸೇರಿಕೊಂಡಿದ್ದ ಸಂಪರ್ಕ ಬಿಸಿಯಾದಾಗ ಬಿಡುತ್ತದೆ. ಕಾರ್ಖಾನೆಗೆ ಬರುವ ವೇಳೆಗೆ ಆರಿ ಮತ್ತೆ ಸೇರುತ್ತದೆ. ಕಾರಣ ಕಾಣದ ಮೆಕ್ಯಾನಿಕ್ಕು ಗೇರ್ ಪೆಟ್ಟಿಗೆಯನ್ನೇ ಇಳಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಷ್ಟೋ ವೇಳೆ ದೋಷವಿದ್ದುದು ಸಡಿಲವಾದ ಒಂದು ತುದಿಯಲ್ಲಿ, ಇಲ್ಲವೆ ತುಕ್ಕು ಹಿಡಿದ ಅರ್ತ್ ಪಟ್ಟಿಯಲ್ಲಿ. ರಬ್ಬರಿನ ಮೇಲೆ ಕೂತ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ವಿದ್ಯುತ್ತು ಮರಳಲು ಆ ಪಟ್ಟಿಯೇ ಸೇತುವೆ.

ಬಲ್ಲವರು ಕಂಡುಕೊಂಡ ಕ್ರಮವಾದರೋ ಬಹು ಸರಳ. ಎಂಜಿನ್ನನ್ನು ನಿಲ್ಲಿಸಿ, ಇಗ್ನಿಷನ್ ಹಾಕಿ, ಮೇಲಿನ ಗೇರಿಗೆ ತಂದು ಓವರ್‌ಡ್ರೈವಿನ ಸ್ವಿಚ್ಚು ಒತ್ತಬೇಕು. ಕೆಳಗೆ ಟಿಕ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಸಣ್ಣ ದೀಪವೊಂದನ್ನು ಹಿಡಿದು ತಂತಿಯ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸಬೇಕು. ಗೇರ್ ಕೋಲನ್ನು ಅಲುಗಿಸಿದಾಗ ದೀಪ ಮಿಣುಕಿದರೆ ತಡೆಸ್ವಿಚ್ಚಿನ ಮೇಲೆ ಗುಮಾನಿ. ಇಪ್ಪತ್ತು ಮೈಲು ಓಡಿಸಿ, ಕಾವು ಏರಿದ ಮೇಲೆ ಇದನ್ನೇ ಮತ್ತೊಮ್ಮೆ ಮಾಡಬೇಕು. ಜ್ವರವಿದ್ದಾಗಲೇ ರೋಗಿಯನ್ನು ನೋಡಬೇಕಷ್ಟೆ. ಸದ್ದೂ ಸರಿ, ದೀಪವೂ ಸ್ಥಿರ ಎಂದಾದರೆ ಮಾತ್ರ ಎಣ್ಣೆ, ಕವಾಟಗಳ ವಿಚಾರ.

ಇನ್ನೊಂದು ಅಪಾಯವಿದೆ. ಸ್ವಿಚ್ಚು ಆರಿಸಿದರೂ ಓವರ್‌ಡ್ರೈವ್ ಬಿಡದೆ ಹಿಡಿದಿದ್ದರೆ ಕಾರನ್ನು ಹಿಂದಕ್ಕೆ ಓಡಿಸಲೇಬಾರದು. ಒಂದೇ ದಿಕ್ಕಿಗೆ ತಿರುಗುವ ಒಳಗಿನ ಕ್ಲಚ್ಚು ಮುರಿದು ಇಡೀ ಯಂತ್ರ ಹಾಳಾದೀತು. ಕೆಲವಾಣೆಯ ತಂತಿಯ ಉಪೇಕ್ಷೆಗೆ ಉಕ್ಕು ದಂಡ ತೆರುವುದು ಹೀಗೆ.

ಐದು ಗೇರುಗಳ ಪೆಟ್ಟಿಗೆ ಸಾಮಾನ್ಯವಾದ ಮೇಲೆ ಲೇಕಾಕ್ ಯಂತ್ರದ ಕಾಲ ಮುಗಿಯಿತು. ಆದರೆ ಹಳೆಯ ಕಾರುಗಳನ್ನು ಸಾಕಿಕೊಂಡವರ ಬಳಿ ಅದು ಇಂದಿಗೂ ಓಡುತ್ತಿದೆ. ಅನೇಕ ಕಡೆ ಹಲ್ಲುಚಕ್ರಗಳು ಗಟ್ಟಿಯಾಗಿಯೇ ಉಳಿದಿವೆ. ಮುಪ್ಪು ಬಂದಿರುವುದು ತಂತಿಗೆ. ಯಂತ್ರವನ್ನು ಬಿಚ್ಚುವ ಕೈಗಿಂತ ದೀಪ ಹಿಡಿದು ಕಾಯುವ ಕೈಯೇ ಅದರ ಆಯುಷ್ಯವನ್ನು ಬೆಳೆಸುತ್ತಿದೆ.