ಪ್ಯಾರಿಸ್ ಫ್ಯಾಷನ್ ಉದ್ಯಮದ ಮಹಿಳಾ ಒಡೆತಿಯರು

ಪ್ಯಾರಿಸ್ಸಿನಲ್ಲಿ ಸೂಜಿ ಹಿಡಿದು ದುಡಿಯುವ ಹೆಂಗಸರಿಗೆ ಯಾವ ಕಾಲದಲ್ಲೂ ಕೊರತೆ ಇರಲಿಲ್ಲ. ಆದರೆ ಅಂಗಡಿ, ಲೆಕ್ಕದ ಪುಸ್ತಕ ಮತ್ತು ಫಲಕದ ಮೇಲಿನ ಹೆಸರು ಅವರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಬಂದ ಮೇಲೂ ಹಲವರ ಕೈಯಲ್ಲಿ ಅವು ಉಳಿಯಲಿಲ್ಲ. 17ನೆಯ ಶತಮಾನದಿಂದ ಈಚೆಗೆ ಈ ನಗರದಲ್ಲಿ ಸ್ವಂತ ಉಡುಪಿನ ಸಂಸ್ಥೆ ಕಟ್ಟಿದ ಮಹಿಳೆಯರ ಇತಿಹಾಸವನ್ನು ವಿನ್ಯಾಸಗಳ ಇತಿಹಾಸವೆಂದು ಓದುವುದಕ್ಕಿಂತ ಒಡೆತನದ ಇತಿಹಾಸವೆಂದು ಓದುವುದೇ ಸರಿ.

1675ಕ್ಕೆ ಮೊದಲು ಪ್ಯಾರಿಸ್ಸಿನಲ್ಲಿ ಹೆಂಗಸರ ಉಡುಪು ಹೊಲಿಯುವ ಕಾನೂನುಬದ್ಧ ಹಕ್ಕು ಗಂಡಸರೇ ತುಂಬಿದ್ದ ದರ್ಜಿಗಳ ಸಂಘಕ್ಕೆ ಸೇರಿತ್ತು. ಕದ್ದುಮುಚ್ಚಿ ಹೊಲಿಯುತ್ತಿದ್ದ ಹೆಂಗಸರಿಗೆ ದಂಡ ಬೀಳುತ್ತಿತ್ತು, ಅವರ ಬಟ್ಟೆ ಜಪ್ತಿಯಾಗುತ್ತಿತ್ತು. ಆ ವರ್ಷ ದೊರೆ 14ನೆಯ ಲೂಯಿ ಹೊಲಿಗೆಯ ಹೆಂಗಸರಿಗೆ ಪ್ರತ್ಯೇಕ ವೃತ್ತಿಸಂಘವನ್ನು ಮಂಜೂರು ಮಾಡಿದ. ಹೆಣ್ಣಿನ ಮೈಗೆ ಹೆಣ್ಣೇ ಉಡುಪು ಅಳೆದು ತೊಡಿಸುವುದು ಮರ್ಯಾದೆಗೆ ತಕ್ಕದ್ದು ಎಂಬುದು ಆಜ್ಞೆಯಲ್ಲಿದ್ದ ಒಂದು ಕಾರಣ. ತಿಮಿಂಗಿಲದ ಕಡ್ಡಿ ಸೇರಿಸಿ ಬಿಗಿಯಾಗಿ ಹೊಲಿಯುವ ದರಬಾರಿನ ಕುಪ್ಪಸ ಮಾತ್ರ ದರ್ಜಿಗಳ ಪಾಲಿಗೇ ಉಳಿಯಿತು. ಇಷ್ಟಾದರೂ ಇದು ಸಣ್ಣ ಗೆಲುವಲ್ಲ. ಸಂಘದ ಯಜಮಾನಿಯರು, ಲೆಕ್ಕ ನೋಡುವವರು, ಕೆಲಸ ಕಲಿಯಲು ಬರುವವರು ಎಲ್ಲರೂ ಹೆಂಗಸರೇ. ಮದುವೆಯಾಗದ ಹುಡುಗಿಯೊಬ್ಬಳು ತಂದೆಯ ಅಥವಾ ಗಂಡನ ಹೆಸರಿನ ಹಂಗಿಲ್ಲದೆ ಕಸುಬಿನ ಪರವಾನಗಿ ಪಡೆಯುವಂತಾಯಿತು.

ಉಡುಪಿಗೆ ರಿಬ್ಬನ್, ಗರಿ, ಲೇಸು ಸೇರಿಸಿ ಸಿಂಗರಿಸುವ ವ್ಯಾಪಾರ ಬೇರೆಯದು. 1776ರಲ್ಲಿ ಅದಕ್ಕೂ ಸಂಘವಾದಾಗ ಮುಖ್ಯಸ್ಥೆಯಾದವಳು ರೋಸ್ ಬೆರ್ತಾನ್ (1747–1813). ಆಬೆವಿಲ್ ಊರಿನ ಸಾಮಾನ್ಯ ಮನೆತನದಿಂದ ಬಂದ ಈಕೆ ಸೇಂತ್ ಒನೊರೆ ಬೀದಿಯಲ್ಲಿ ತೆರೆದ ಅಂಗಡಿಗೆ ‘ಗ್ರಾಂ ಮೊಗೋಲ್’ ಎಂದು ಮೊಗಲ್ ಬಾದಶಹನ ಹೆಸರಿಟ್ಟಿದ್ದಳು. ರಾಣಿ ಮರಿ ಆಂತ್ವಾನೆತ್‌ಳ ನಂಬುಗೆ ಗಳಿಸಿದ ಮೇಲೆ ಜನ ಅವಳನ್ನು ಫ್ಯಾಷನ್ ಮಂತ್ರಿ ಎಂದೇ ಕರೆದರು. ಯುರೋಪಿನ ಹಲವು ಅರಮನೆಗಳಿಂದ ಬೇಡಿಕೆ ಬಂತು. ಆದರೆ ವ್ಯವಹಾರವೆಲ್ಲ ಉದ್ದರಿಯದು. ಶ್ರೀಮಂತ ಗಿರಾಕಿಗಳು ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುತ್ತಿದ್ದರು. ಫ್ರೆಂಚ್ ಕ್ರಾಂತಿ ಬಂದಾಗ ಸಾಲಗಾರರಲ್ಲಿ ಹಲವರು ದೇಶ ಬಿಟ್ಟರು, ಕೆಲವರು ತಲೆ ಕಳೆದುಕೊಂಡರು. ಅವಳು ತೀರಿಕೊಂಡ ಮೇಲೂ ವಾರಸುದಾರರು ಆ ಬಾಕಿಗಾಗಿ ಅಲೆಯಬೇಕಾಯಿತು.

ಕ್ರಾಂತಿ ವೃತ್ತಿಸಂಘಗಳನ್ನೆಲ್ಲ ರದ್ದು ಮಾಡಿತು. ಅದರೊಂದಿಗೆ ಹೆಂಗಸರ ಸಂಘದ ಆಸರೆಯೂ ಹೋಯಿತು. 1804ರ ನೆಪೋಲಿಯನ್ ಸಂಹಿತೆಯಂತೆ ಹೆಂಡತಿ ಗಂಡನ ಅನುಮತಿಯಿಲ್ಲದೆ ಆಸ್ತಿ ಕೊಳ್ಳುವಂತಿರಲಿಲ್ಲ, ಮಾರುವಂತಿರಲಿಲ್ಲ. ವ್ಯಾಪಾರ ಮಾಡುವ ಹೆಂಡತಿಗೆ ಮಾತ್ರ ವ್ಯಾಪಾರದ ಮಟ್ಟಿಗೆ ಸ್ವಂತ ಕರಾರು ಮಾಡಿಕೊಳ್ಳುವ ಅವಕಾಶವಿತ್ತು. ಆ ವ್ಯಾಪಾರ ಶುರುಮಾಡಲೂ ಗಂಡ ಒಪ್ಪಬೇಕಿತ್ತು. ಈ ಇಕ್ಕಟ್ಟಿನಲ್ಲೇ ಉಡುಪು ಹೊಲಿಯುವ ಮದಾಂ ಪಾಲ್ಮೀರ್‌ಳಂಥವರು ಹೆಸರು ಮಾಡಿದರು. 1858ರಲ್ಲಿ ಇಂಗ್ಲೆಂಡಿನವನಾದ ಚಾರ್ಲ್ಸ್ ವರ್ತ್ ಪ್ಯಾರಿಸ್ಸಿನಲ್ಲಿ ಮಳಿಗೆ ತೆರೆದ ಮೇಲೆ ಉಡುಪು ರೂಪಿಸುವವನಿಗೆ ಕಲಾವಿದನ ಪಟ್ಟ ಸಿಕ್ಕಿತು. ಅದೇ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತಿದ್ದ ಹೆಂಗಸರಿಗೆ ಆ ಗೌರವ ಸಿಕ್ಕಿರಲಿಲ್ಲ.

ಮುಂದಿನ ತಲೆಮಾರು ಆ ಗೌರವವನ್ನು ದುಡಿದು ಪಡೆಯಿತು. ಜಾನ್ ಪಾಕಾನ್ (1869–1936) 1891ರಲ್ಲಿ ಗಂಡ ಇಸಿದೋರ್ ಜೊತೆ ಪೈ ಬೀದಿಯಲ್ಲಿ ಸಂಸ್ಥೆ ತೆರೆದಳು. ವ್ಯವಹಾರ ಅವನದು, ವಿನ್ಯಾಸ ಅವಳದು. 1907ರಲ್ಲಿ ಅವನು ತೀರಿಕೊಂಡ ಮೇಲೆ ಎರಡನ್ನೂ ಅವಳೇ ನಡೆಸಿದಳು. ಲಂಡನ್, ಮ್ಯಾಡ್ರಿಡ್, ಬ್ಯೂನಸ್ ಐರಿಸ್‌ಗಳಲ್ಲಿ ಶಾಖೆಗಳಾದವು. 1900ರ ವಿಶ್ವ ಪ್ರದರ್ಶನದ ಫ್ಯಾಷನ್ ವಿಭಾಗಕ್ಕೆ ಅವಳೇ ಅಧ್ಯಕ್ಷೆ. 1913ರಲ್ಲಿ ಫ್ರಾನ್ಸ್ ಸರ್ಕಾರದ ‘ಲೆಜಿಯೋನ್ ದೊನ್ಯೋರ್’ ಗೌರವವೂ ಬಂತು. 1895ರಲ್ಲಿ ಲೇಸು ಮತ್ತು ಒಳಉಡುಪಿನ ಅಂಗಡಿಯಿಂದ ಬೆಳೆದ ‘ಕಾಲೋ ಸರ್’ ನಾಲ್ವರು ಅಕ್ಕತಂಗಿಯರ ಸಂಸ್ಥೆ.

ಜಾನ್ ಲಾಂವಾನ್ (1867–1946) ಹನ್ನೊಂದು ಮಕ್ಕಳ ಬಡ ಮನೆಯ ಹಿರಿಮಗಳು. ಚಿಕ್ಕಂದಿನಿಂದ ಟೋಪಿ ಅಂಗಡಿಗಳಲ್ಲಿ ದುಡಿದು 1889ರಲ್ಲಿ ಸ್ವಂತ ಟೋಪಿ ವ್ಯಾಪಾರ ಶುರುಮಾಡಿದಳು. ಮಗಳಿಗಾಗಿ ಹೊಲಿದ ಉಡುಪುಗಳನ್ನು ನೋಡಿದ ಗಿರಾಕಿಗಳು ತಮ್ಮ ಮಕ್ಕಳಿಗೂ ಅಂಥದೇ ಬೇಕೆಂದರು. 1908ರಲ್ಲಿ ಮಕ್ಕಳ ವಿಭಾಗ, ಮರುವರ್ಷ ತಾಯಂದಿರ ವಿಭಾಗ ಸೇರಿದವು. 1923ರಲ್ಲಿ ನಾಂತೇರ್‌ನಲ್ಲಿ ಬಣ್ಣ ಹಾಕುವ ಸ್ವಂತ ಕಾರ್ಖಾನೆ, 1926ರಲ್ಲಿ ಗಂಡಸರ ಉಡುಪು, 1927ರಲ್ಲಿ ಆರ್ಪೇಜ್ ಸುಗಂಧ ಬಂದವು. ಒಂದೊಂದೇ ಮೆಟ್ಟಿಲು ಕಟ್ಟಿ ಹತ್ತಿದ ಈ ನಡೆಯಲ್ಲಿ ಆತುರವೆಂಬುದೇ ಕಾಣದು. ಉದ್ಯಮಿಯಾಗಿ ಇವಳನ್ನು ಮುಂದೆ ಬರುವ ಗಾಬ್ರಿಯೆಲ್ ಶನೆಲ್‌ಗಿಂತ ಮೇಲೆ ಇಡಬಹುದು.

ಮಾದ್‌ಲೆನ್ ವಿಯೊನೆ (1876–1975) ಎಳವೆಯಲ್ಲೇ ಹೊಲಿಗೆಗೆ ಕುಳಿತವಳು. ಕಾಲೋ ಸೋದರಿಯರ ಬಳಿ ಪಳಗಿ 1912ರಲ್ಲಿ ಸಂಸ್ಥೆ ತೆರೆದಳು. ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸುವುದು, ನಮ್ಮ ದರ್ಜಿಗಳು ಕ್ರಾಸ್ ಕಟಿಂಗ್ ಎನ್ನುವುದು, ಹಿಂದೆಯೂ ಇತ್ತು. ಇಡೀ ಉಡುಪನ್ನು ಅದರ ಮೇಲೆ ನಿಲ್ಲಿಸಿದವಳು ಇವಳು. ಓರೆಗೆ ಬಿದ್ದ ಬಟ್ಟೆ ಹಿಗ್ಗುತ್ತದೆ, ಮೈಗೆ ಹೊಂದಿ ಇಳಿಯುತ್ತದೆ, ಬಿಗಿಯುವ ಕಡ್ಡಿಗಳು ಬೇಕಾಗುವುದಿಲ್ಲ. ನಕಲು ಮಾಡುವವರ ಕಾಟ ತಡೆಯಲು ಪ್ರತಿಯೊಂದು ಉಡುಪಿನ ಮುಂದು, ಹಿಂದು, ಪಕ್ಕಗಳ ಫೋಟೊ ತೆಗೆಸಿ ದಾಖಲಿಸಿದಳು. ಲೇಬಲ್ಲಿನ ಮೇಲೆ ತನ್ನ ಹೆಬ್ಬೆರಳ ಗುರುತು ಒತ್ತಿದಳು. 1923ರಲ್ಲಿ ಮೋಂತೇನ್ ಅವೆನ್ಯೂಗೆ ಹೋದ ಮೇಲೆ ಅವಳ ಕಾರ್ಯಾಗಾರದಲ್ಲಿ ಊಟದ ಮನೆ, ದಂತವೈದ್ಯರ ಸೇವೆ, ಕೂರಲು ಬೆನ್ನಾಸರೆಯ ಕುರ್ಚಿಗಳಿದ್ದವು. 1936ರ ಕಾನೂನಿಗೆ ಮೊದಲೇ ಸಂಬಳಸಹಿತ ರಜೆ ಕೊಟ್ಟಳು. ಎಳೆಯ ಕೆಲಸಗಾರ್ತಿಯಾಗಿ ಬೆನ್ನು ಬಗ್ಗಿಸಿದ್ದವಳಿಗೆ ಆ ಕುರ್ಚಿಯ ಬೆಲೆ ಗೊತ್ತಿತ್ತು.

ಎಲ್ಲ ಒಡೆತಿಯರೂ ಹೀಗಿರಲಿಲ್ಲ, ಇದನ್ನು ಮರೆಮಾಚಬಾರದು. 1917ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಹೊಲಿಗೆ ಹುಡುಗಿಯರ ದೊಡ್ಡ ಮುಷ್ಕರ ಶುರುವಾದದ್ದೇ ಜಾನ್ ಸಾಸೆರ್ದೋತ್ ಎಂಬ ಮಹಿಳೆ ಕಟ್ಟಿದ ‘ಜೆನಿ’ ಸಂಸ್ಥೆಯಲ್ಲಿ. ಶನಿವಾರ ಮಧ್ಯಾಹ್ನದ ಸಂಬಳ ಕಡಿತಕ್ಕೆ ಅವರು ತಿರುಗಿಬಿದ್ದರು. ಜೂನ್ 11ರ ಕಾನೂನು ಉಡುಪು ಉದ್ಯಮಕ್ಕೆ ಶನಿವಾರದ ಅರ್ಧ ದಿನದ ರಜೆ ಕೊಟ್ಟಿತು. 1936ರಲ್ಲಿ ಗಾಬ್ರಿಯೆಲ್ ಶನೆಲ್‌ಳ ಕೆಲಸಗಾರ್ತಿಯರೂ ಮುಷ್ಕರ ಹೂಡಿದರು.

ಶನೆಲ್ (1883–1971) 1910ರಲ್ಲಿ ಕಾಂಬೋನ್ ಬೀದಿಯಲ್ಲಿ ಟೋಪಿ ಅಂಗಡಿ ತೆರೆದದ್ದು ಗೆಳೆಯ ಆರ್ಥರ್ ಕೇಪಲ್‌ನ ದುಡ್ಡಿನಿಂದ. ಆ ಅಂಗಡಿ ಬೇಗ ಬೆಳೆಯಿತು. ಎಡವಿದ್ದು ಸುಗಂಧದ ಕರಾರಿನಲ್ಲಿ. 1924ರಲ್ಲಿ ‘ಪಾರ್ಫಾಂ ಶನೆಲ್’ ಕಂಪನಿ ಆದಾಗ ಬಂಡವಾಳ ಹಾಕಿದ ವರ್ಟೈಮರ್ ಸೋದರರಿಗೆ ಶೇ. 70, ಮಧ್ಯಸ್ಥಿಕೆ ಮಾಡಿದ ಬಾದೇರ್‌ಗೆ ಶೇ. 20, ಹೆಸರು ಕೊಟ್ಟ ಶನೆಲ್‌ಗೆ ಬರೀ ಶೇ. 10. ಜರ್ಮನರ ಆಕ್ರಮಣದ ಕಾಲದಲ್ಲಿ, ಪಾಲುದಾರರು ಯಹೂದಿಗಳೆಂಬುದನ್ನು ಬಳಸಿ ಕಂಪನಿ ಕಸಿಯಲು ಅವಳು ಯತ್ನಿಸಿದಳು. ಕರಾರಿನ ಅನ್ಯಾಯ ಈ ಕೃತ್ಯಕ್ಕೆ ಸಮರ್ಥನೆಯಾಗದು. 1954ರಲ್ಲಿ ಸಂಸ್ಥೆ ಮತ್ತೆ ತೆರೆದಾಗ ಬಂಡವಾಳ ವರ್ಟೈಮರರದೇ ಆಗಿತ್ತು. ಇಂದಿಗೂ ಒಡೆತನ ಆ ಕುಟುಂಬದ್ದು.

ಹೆಸರನ್ನೇ ಕಳೆದುಕೊಂಡವಳು ಮದಾಂ ಗ್ರೆ (1903–1993). 1930ರ ದಶಕದಲ್ಲಿ ‘ಆಲಿಕ್ಸ್’ ಎಂದು ಪ್ರಸಿದ್ಧಳಾದ ಈಕೆ ಪಾಲುದಾರರೊಡನೆ ಮುರಿದುಕೊಂಡು ಹೊರಬಂದಾಗ ಆ ಹೆಸರು ಹಿಂದೆಯೇ ಉಳಿಯಿತು. 1942ರಲ್ಲಿ ಗಂಡ ತನ್ನ ಚಿತ್ರಗಳಿಗೆ ಹಾಕುತ್ತಿದ್ದ ಸಹಿಯಿಂದ ಹೊಸ ಹೆಸರು ಪಡೆದು ಮತ್ತೆ ಮೊದಲಿನಿಂದ ಕಟ್ಟಿದಳು. ಜರ್ಸಿ ಬಟ್ಟೆಯನ್ನು ಸಣ್ಣ ಸಣ್ಣ ನಿರಿಗೆಗಳಾಗಿ ಕೈಯಲ್ಲೇ ಹಿಡಿದು ಶಿಲ್ಪದಂಥ ಉಡುಪು ಮಾಡುವುದು ಅವಳ ಸಿದ್ಧಿ. 1984ರಲ್ಲಿ ಸಂಸ್ಥೆ ಮಾರಾಟವಾಯಿತು, 1987ರಲ್ಲಿ ಮುಚ್ಚಿತು. ಅವಳು ತೀರಿಕೊಂಡ ಸುದ್ದಿ ಲೋಕಕ್ಕೆ ತಿಳಿದದ್ದು ವರ್ಷ ಕಳೆದ ಮೇಲೆ.

ಗಂಡನ ಒಪ್ಪಿಗೆಯಿಲ್ಲದೆ ಫ್ರೆಂಚ್ ಹೆಂಡತಿ ಬ್ಯಾಂಕ್ ಖಾತೆ ತೆರೆಯಬಹುದು, ಕೆಲಸಕ್ಕೆ ಸೇರಬಹುದು ಎಂದು ಕಾನೂನು ಸ್ಪಷ್ಟಪಡಿಸಿದ್ದು 1965ರಲ್ಲಿ. ಮೇಲೆ ಹೇಳಿದ ಸಂಸ್ಥೆಗಳೆಲ್ಲ ಅದಕ್ಕೆ ಮೊದಲೇ ಹುಟ್ಟಿದವು. ಕಾನೂನು ಬದಲಾದ ಮೇಲೆ, ಗಂಡನ ಅಂಗಡಿಗೆ ಸ್ವೆಟರ್ ರೂಪಿಸುತ್ತಿದ್ದ ಸೋನಿಯಾ ರಿಕಿಯೆಲ್ 1968ರಲ್ಲಿ ಸೇನ್ ನದಿಯ ಎಡದಂಡೆಯ ಗ್ರೆನೆಲ್ ಬೀದಿಯಲ್ಲಿ ತನ್ನದೇ ಹೆಸರಿನ ಮಳಿಗೆ ತೆರೆದಳು. 2012ರಲ್ಲಿ ಅದರ ಬಹುಪಾಲು ಹಾಂಗ್‌ಕಾಂಗ್ ಹೂಡಿಕೆದಾರರ ವಶವಾಯಿತು. ಅವಳು 2016ರಲ್ಲಿ ತೀರಿಕೊಂಡಳು, ಸಂಸ್ಥೆ 2019ರಲ್ಲಿ ದಿವಾಳಿಯಾಯಿತು.